ಕಾಕಾ ಬರೆದಿಟ್ಟ ನಾಲ್ಕು ಪುಟ

ಮೊನ್ನೆ ಪಿಎಚ್‌ಡಿ ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ಫೋನ್ ಮಾಡಿ ಹರಸಿದವರಿಗೆಲ್ಲ ಶರಣು. ಗೈಡ್ ಸರ್, ಲ್ಯಾಬಿನ ಗೆಳೆಯರು, ಬಾಡಿಗೆಗೆ ತಗಾದೆ ಮಾಡದ ರೂಮಿನ ಮಾಲೀಕರು, ಐದು ವರ್ಷ ಬುತ್ತಿ ಕಳಿಸಿದ ಅಕ್ಕ, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಇವತ್ತು ಬರೆಯಲು ಕೂತದ್ದು ಮಾತ್ರ ನಮ್ಮ ಬೆಳಗಾವಿ ಲ್ಯಾಬಿನ ಅಟೆಂಡರ್ ಕಾಕಾ ಅವರಿಗಾಗಿ.

ನಾನು ದುಡಿದದ್ದು ಪಾಸಿಟ್ರೋನಿಯಂ ಮೇಲೆ. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಜೋಡಿಯಾಗಿ ಸುತ್ತುವ, ನ್ಯೂಕ್ಲಿಯಸ್ಸೇ ಇಲ್ಲದ ಪರಮಾಣು. 1951ರಲ್ಲಿ ಮಾರ್ಟಿನ್ ಡಾಯ್ಚ್ ಕಂಡುಹಿಡಿದದ್ದು. ನಿರ್ವಾತದಲ್ಲಿ ಹೆಚ್ಚು ಬಾಳುವ ಬಗೆಗೂ ಸರಾಸರಿ ಆಯುಷ್ಯ 142 ನ್ಯಾನೋಸೆಕೆಂಡ್ (ಒಂದು ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು); ಪ್ಲಾಸ್ಟಿಕ್ಕಿನಂಥ ಪಾಲಿಮರಿನ ಸಣ್ಣ ಪೊಳ್ಳುಗಳಲ್ಲಿ ಸಿಕ್ಕರೆ ಕೆಲವೇ ನ್ಯಾನೋಸೆಕೆಂಡ್. ಪೊಳ್ಳು ದೊಡ್ಡದಿದ್ದಷ್ಟೂ ಹೆಚ್ಚು ಹೊತ್ತು ಉಳಿಯುತ್ತದೆ. ವಿಕಿರಣ ಸೂಸುವ ಸೋಡಿಯಂ-22ರಿಂದ ಪಾಸಿಟ್ರಾನ್ ಹೊರಟಾಗ ಒಂದು ಗಾಮಾ ಕಿರಣ, ಆ ಪಾಸಿಟ್ರಾನ್ ಅಳಿದಾಗ ಮತ್ತೊಂದು. ಆ ಎರಡರ ನಡುವಿನ ಹೊತ್ತನ್ನು ಹತ್ತು ಲಕ್ಷ ಸಲ ಎಣಿಸಬೇಕು. ಅಷ್ಟೂ ತಾಸು ಕೋಣೆಯ ಉಷ್ಣತೆ ಏರಿಳಿದರೆ ಡಿಟೆಕ್ಟರಿನ ಲೆಕ್ಕ ಜಾರುತ್ತದೆ.

ಆ ಏಪ್ರಿಲ್ ರಾತ್ರಿ ಎಣಿಕೆ ಅರ್ಧಕ್ಕೆ ಬಂದಿತ್ತು. ಮರುದಿನ ಸ್ಯಾಂಪಲ್ ವಾಪಸ್ ಕೊಡಬೇಕು. ಒಂಬತ್ತಕ್ಕೆ ಬಾಗಲಕೋಟೆಯಿಂದ ಫೋನ್ ಬಂತು. ನಾನು ಮಷಿನ್ ಮುಂದೆ ಸುಮ್ಮನೆ ನಿಂತಿದ್ದೆ. ಕಾಕಾ ನನ್ನ ಚೀಲ ತಂದು ಕೈಗಿಟ್ಟರು. "ತಮ್ಮಾ, ನೀ ಬಸ್ ಹತ್ತು. ಇದನ್ನ ನಾ ನೋಡ್ಕೋತೀನಿ. ಏನ್ ಬರೀಬೇಕು ಅಷ್ಟ ಹೇಳು."

ಥರ್ಮಾಮೀಟರ್ ತೋರಿಸಿ, ಅರ್ಧ ತಾಸಿಗೊಮ್ಮೆ ಬರೆಯಿರಿ ಅಂದೆ. ಓಡಿದೆ.

ಬಸ್ಸು ಲೋಕಾಪುರ ದಾಟುವ ಮೊದಲೇ ಅಪ್ಪ ಹೋಗಿಬಿಟ್ಟಿದ್ದ. ಕಿಟಕಿಗೆ ಹಣೆ ಹಚ್ಚಿ ಕೂತೆ. ಪಕ್ಕದ ಸೀಟಿನವರು ನೀರಿನ ಬಾಟಲಿ ಕೊಟ್ಟರು, ಕುಡಿಯಲಾಗಲಿಲ್ಲ. ಅಪ್ಪನ ಕೊನೆಯ ಮಾತು ನನಗೆ ಸಿಗಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಹದಿನಾಲ್ಕು ದಿನ ಬಿಟ್ಟು ಲ್ಯಾಬಿಗೆ ಬಂದಾಗ ನೋಟ್‌ಬುಕ್ ನನ್ನ ಮೇಜಿನ ಮೇಲಿತ್ತು. ನಾಲ್ಕು ಪುಟ, ಪೆನ್ಸಿಲ್ ಅಕ್ಷರ. ಕರೆಂಟ್ ಹೋಗಿ ಎಸಿ ನಿಂತ ಹೊತ್ತು ಅದರಲ್ಲಿ ಇದ್ದದ್ದರಿಂದಲೇ ಆ ತಾಸಿನ ಫೈಲನ್ನಷ್ಟೇ ಬಿಟ್ಟು ಉಳಿದ ಎಣಿಕೆ ಉಳಿಸಿಕೊಂಡೆ. ನಾಲ್ಕನೆಯ ಅಧ್ಯಾಯ ನಿಂತಿರುವುದು ಅದರ ಮೇಲೆ. ಪುಟಗಳನ್ನು ಪ್ರಬಂಧದ ಅನುಬಂಧಕ್ಕೆ ಹಾಗೇ ಸೇರಿಸಿದ್ದೇನೆ, ಒಂದಕ್ಷರ ತಿದ್ದದೆ:

"2.10. ಲೈಟ್ ಹೋತು. 26 ಡಿಗ್ರಿ.
2.50. ಲೈಟ್ ಬಂತು. 29.
4.30. 25. ತಮ್ಮನ ಫೋನ್ ಇನ್ನೂ ಇಲ್ಲ."