ಮಾವ ಟ್ಯಾಲಿ ಮಾಡಿದ ರಾತ್ರಿ

ಶುಕ್ರವಾರ ನನ್ನ ಥೀಸಿಸ್ ವೈವಾ ಮುಗಿಯಿತು. ಇನ್ನೂ ಒಂದೆರಡು ಸಹಿ ಬಾಕಿ ಇವೆ, ಆದರೂ ಈಗಲೇ ಬರೆಯುತ್ತಿದ್ದೇನೆ, ಆಮೇಲೆ ನೋಡೋಣ ಅಂದರೆ ನಾನು ಬರೆಯುವುದೇ ಇಲ್ಲ. ಆರು ವರ್ಷದ ಗೋಳು ನೀವೆಲ್ಲ ಫೋನಿನಲ್ಲಿ ಕೇಳಿದ್ದೀರಿ, ಮತ್ತೆ ಬೇಡ.

ಗೈಡ್ ಮೇಡಂಗೆ, ಹಳೇ ಜರ್ನಲ್‌ಗಳ ಧೂಳು ಕೊಡವಿ ಕೊಟ್ಟ ಲೈಬ್ರರಿಯವರಿಗೆ, ಲ್ಯಾಬ್ ಹುಡುಗರಿಗೆ, ಮಗುವನ್ನು ನೋಡಿಕೊಂಡ ಅಮ್ಮನಿಗೆ, ಎಲ್ಲರಿಗೂ ಥ್ಯಾಂಕ್ಸ್. ಉಳಿದದ್ದೆಲ್ಲ ಸೋದರಮಾವನಿಗೆ. ಬೇಜಾರು ಮಾಡ್ಕೋಬೇಡಿ.

ನನ್ನ ವಿಷಯ ಕಂಪ್ಯೂಟರಿನ ಮೊದಲ ದಿನಗಳಲ್ಲಿ ರೌಂಡಿಂಗ್ ತಪ್ಪನ್ನು, ಅಂದರೆ ಉದ್ದ ಸಂಖ್ಯೆಯ ಕೊನೆಯ ಅಂಕಿಗಳನ್ನು ಕತ್ತರಿಸುವುದರಿಂದ ಆಗುವ ತಪ್ಪನ್ನು, ಜನ ಹೇಗೆ ಅರ್ಥ ಮಾಡಿಕೊಂಡರು ಅನ್ನೋದು. 1946ರಲ್ಲಿ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿದ ಜಿಮ್ ವಿಲ್ಕಿನ್ಸನ್, ಗಣಿತಜ್ಞ ಅಲನ್ ಟ್ಯೂರಿಂಗ್ ಮತ್ತು ಇನ್ನಿಬ್ಬರ ಜೊತೆ ಕೂತು 18 ಸಮೀಕರಣಗಳನ್ನು ಕೈಯಲ್ಲೇ ಬಿಡಿಸಿದ್ದರು. ಅಷ್ಟು ಚೆನ್ನಾಗಿ ಉತ್ತರ ಬರುತ್ತೆ ಅಂತ ಅವರೇ ಅಂದುಕೊಂಡಿರಲಿಲ್ಲ. ಆಮೇಲೆ ಅಲ್ಲೇ ಪೈಲಟ್ ಏಸ್ ಅನ್ನೋ ಕಂಪ್ಯೂಟರ್ ಬಂತು, ವಿಲ್ಕಿನ್ಸನ್ ನೋಡೋಕೆ ಸಾಧುವಾದ ಒಂದು ಬಹುಪದೋಕ್ತಿಯನ್ನು, ಅಂದರೆ xನ ಘಾತಗಳಿಗೆ ಒಂದೊಂದು ಸಂಖ್ಯೆ ಗುಣಿಸಿ ಕೂಡಿದ ಸಾಲನ್ನು, ಹಿಡಿದರು. ಆ ಸಂಖ್ಯೆಗಳೇ ಸಹಗುಣಕಗಳು. ಅದನ್ನು ಸೊನ್ನೆ ಮಾಡುವ xನ ಬೆಲೆಗಳು, ಅಂದರೆ ಅದರ ಮೂಲಗಳು, 1, 2, 3 ಹೀಗೆ 20ರವರೆಗೆ, ಅಷ್ಟೇ. ಎರಡನೇ ಸಹಗುಣಕ -210. ಒಂದನ್ನು 84 ಲಕ್ಷ ಪಾಲು ಮಾಡಿ ಅದರಲ್ಲಿ ಒಂದೇ ಒಂದು ಪಾಲಿನಷ್ಟು ಆ -210ನ್ನು ಅಲ್ಲಾಡಿಸಿದರೆ ಸಾಕು, 20ರಲ್ಲಿ 10 ಮೂಲಗಳು ವಾಸ್ತವ ಸಂಖ್ಯೆಗಳಾಗಿ ಉಳಿಯುವುದೇ ಇಲ್ಲ. ತನ್ನ ವೃತ್ತಿಯಲ್ಲೇ ದೊಡ್ಡ ಆಘಾತ ಅದು ಅಂತ ವಿಲ್ಕಿನ್ಸನ್ ಮುಂದೆ ಬರೆದುಕೊಂಡರು.

ಅದನ್ನು ನಾನು ಹಳೇ ಮೆಷಿನ್‌ಗಳ ಹಾಗೆ ಪ್ರತಿ ಸಂಖ್ಯೆಗೆ ಕಡಿಮೆ ಅಂಕಿ ಮಾತ್ರ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿಸಿದ್ದೆ. ನಿಮ್ಮ ಮೂಲಗಳು ವಿಲ್ಕಿನ್ಸನ್ ಅಂಕಿಗಳಿಗೆ ಹತ್ತಿರವೂ ಇಲ್ಲ ಅಂತ ಒಬ್ಬ ಪರೀಕ್ಷಕರು ಬರೆದರು. ಉತ್ತರ ಕೊಡಲು ನಾಲ್ಕು ದಿನ. ಮೂರು ದಿನ ರೌಂಡಿಂಗನ್ನೇ ಬೈದೆ. ಮೊದಲೇ ಕುಖ್ಯಾತ ಬಹುಪದೋಕ್ತಿ, ತಪ್ಪು ಹೊರಿಸೋಕೆ ಸುಲಭ ಅಲ್ವಾ? ಕೊನೆ ರಾತ್ರಿ ಮಾವನ ಮನೆಯ ಊಟದ ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಮೂವತ್ತಾರು ವರ್ಷ, ಸಂಬಳ ಇಲ್ಲ, ಮಗಳು ನನ್ನನ್ನು ಫೋನಿನಲ್ಲಿರುವ ಅಮ್ಮ ಅಂತಾಳೆ. ಬಿಟ್ಟುಬಿಡ್ತೀನಿ ಅಂದೆ.

ಮಾವ ಸಮಾಧಾನ ಮಾಡಲಿಲ್ಲ. ಕನ್ನಡಕ ಹಾಕಿಕೊಂಡು ಪ್ರಿಂಟೌಟ್ ಎಳೆದುಕೊಂಡರು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ರಿಟೈರ್ ಆದವರು, ಟ್ಯಾಲಿ ಆಗದೆ ಮನೆಗೆ ಬಂದವರಲ್ಲ. "ಇದು ಸರಿ ಇದ್ದರೆ ಒಟ್ಟು ಎಷ್ಟು ಬರಬೇಕು?" ಅಂದರು. ಒಂದು ಕ್ಷಣ ಹೊಳೆಯಲಿಲ್ಲ. 1 ಕೂಡ ಒಂದು ಮೂಲ ತಾನೇ, x ಜಾಗದಲ್ಲಿ 1 ಹಾಕಿದರೆ ಉಳಿಯುವುದು ಸಹಗುಣಕಗಳ ಮೊತ್ತವೇ, ಹಾಗಾಗಿ ಸಹಗುಣಕಗಳನ್ನೆಲ್ಲ ಕೂಡಿದರೆ ಸೊನ್ನೆ ಬರಬೇಕು. "ಹಾಗಾದರೆ ಜಮಾ ಖರ್ಚು ಟ್ಯಾಲಿ ಆಗಬೇಕು ಅನ್ನು."

ಪೆನ್ಸಿಲ್ ಹಿಡಿದು ಕೂಡುತ್ತಾ ಹೋದರು, ಪ್ಲಸ್ ಎಡಕ್ಕೆ, ಮೈನಸ್ ಬಲಕ್ಕೆ, ಒಟ್ಟು 21 ಸಂಖ್ಯೆ, ಕೆಲವು ಇಪ್ಪತ್ತು ಅಂಕಿಯವು. ಕೋಟಿ ದಾಟಿದ ಮೇಲೆ ಹೆಸರು ಹೇಳುವುದನ್ನು ಬಿಟ್ಟು ಬರೀ ಅಂಕಿ ಓದಿದರು. ಎರಡು ಸಲ ಕಾಫಿ ಆಯಿತು. ಒಂದೂವರೆ ಗಂಟೆಗೆ ತಲೆ ಎತ್ತಿ, "ಜಮಾ ಕಡೆ 450 ಕಮ್ಮಿ. 9ರಿಂದ ಭಾಗ ಆಗುತ್ತೆ ನೋಡು, ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಹಾಗೇ. ಎಲ್ಲೋ ಎರಡು ಅಂಕಿ ಹಿಂದುಮುಂದಾಗಿದೆ," ಅಂದರು.

ಹುಡುಕಿದೆವು. 53327946 ಇರಬೇಕಾದ ಕಡೆ ನಾನು 53327496 ಅಂತ ಟೈಪ್ ಮಾಡಿದ್ದೆ.

"ಮೆಷಿನ್‌ದೇನೂ ತಪ್ಪಿಲ್ಲ ಕಣಮ್ಮ. ನೀನು ಕೊಟ್ಟ ಲೆಕ್ಕಕ್ಕೆ ಸರಿಯಾಗೇ ಉತ್ತರ ಕೊಟ್ಟಿದೆ. ನೀನು ಕೊಟ್ಟಿದ್ದೇ ಬೇರೆ ಲೆಕ್ಕ."

ನಾನು ದಂಗಾದೆ. ಬಂದ ಉತ್ತರವನ್ನು ಸ್ವಲ್ಪ ಸರಿದ ಬೇರೊಂದು ಲೆಕ್ಕದ ಸರಿ ಉತ್ತರ ಅಂತ ನೋಡು, ಎಷ್ಟು ಸರಿದಿದೆ ಅಂತ ಅಳೆ. ವಿಲ್ಕಿನ್ಸನ್ ಬೆಳೆಸಿದ್ದು ಇದೇ ವಿಚಾರವನ್ನು, 1970ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂದಿದ್ದೂ ಇಂಥ ಕೆಲಸಕ್ಕೇ. ನಾನು ಅದರ ಮೇಲೆ ನಲವತ್ತು ಪುಟ ಬರೆದಿದ್ದೆ, ನನ್ನ ಲೆಕ್ಕಕ್ಕೆ ಮಾತ್ರ ಹಚ್ಚಿ ನೋಡಿರಲಿಲ್ಲ.

ಸರಿಪಡಿಸಿ ಓಡಿಸಿದ್ದು ಬೆಳಗಿನ ಮೂರಕ್ಕೆ. ಅಂಕಿಗಳು ಹೊಂದಿದವು. ಮಾವ ಅಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು, ಪೆನ್ಸಿಲ್ ಇನ್ನೂ ಕೈಯಲ್ಲಿತ್ತು.

ಆ ಹಾಳೆಯನ್ನು ಥೀಸಿಸ್ ಕೊನೆಗೆ ಹಾಕುತ್ತೇನೆ, ಕೊಡಿ ಅಂತ ಕೇಳಿದೆ. ಕೊಡಲಿಲ್ಲ. ಅದರ ಹಿಂದೆ ಆ ತಿಂಗಳ ಹಾಲಿನ ಲೆಕ್ಕ ಇದೆಯಂತೆ.