ವೆನಿಸ್‌ಗೆ ಒಂದು ರಾತ್ರಿಯನ್ನಾದರೂ ಕೊಡಿ

ಮಾನ್ಯರೇ,

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಪತ್ರಿಕೆಗಳಲ್ಲಿ ಯುರೋಪ್ ಪ್ರವಾಸದ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಎಷ್ಟೋ ಕಡೆ ವೆನಿಸ್ ನಗರದ ಪಾಲಿಗೆ ಬರುವುದು ನಾಲ್ಕೈದು ಗಂಟೆ ಮಾತ್ರ. ಉದ್ಯೋಗ ನಿಮಿತ್ತ ಮಿಲಾನ್‌ನಲ್ಲಿ ನೆಲೆಸಿರುವ ನಾನೂ ನನ್ನ ಪತ್ನಿಯೂ ಕಳೆದ ವಾರಾಂತ್ಯ ವೆನಿಸ್‌ನಲ್ಲಿ ಎರಡು ರಾತ್ರಿ ತಂಗಿ ಬಂದೆವು. ಹೀಗೆ ಅವಸರದಲ್ಲಿ ನೋಡಿ ಹೊರಡುವ ಪದ್ಧತಿಯಿಂದ ನೋಡುವವರಿಗೂ ನಷ್ಟ, ಆ ಊರಿಗೂ ನಷ್ಟ ಎಂಬುದು ಮನದಟ್ಟಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ಸಂತ ಮಾರ್ಕನ ಚೌಕದಲ್ಲಿ ನಮ್ಮ ದೇಶದ ಪ್ರವಾಸಿ ತಂಡವೊಂದು ಎದುರಾಯಿತು. ತಂಡದಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಅಲ್ಲಿನ ದೊಡ್ಡ ಚರ್ಚಾದ ಬಸಿಲಿಕಾದ ಮುಂಭಾಗದ ಮೇಲೆ ನಿಂತಿರುವ ನಾಲ್ಕು ಕುದುರೆಗಳ ವಿಗ್ರಹಗಳನ್ನು ತಲೆಯೆತ್ತಿ ನೋಡುತ್ತಾ, ಅವು ಯಾರವು ಎಂದು ಕೇಳುತ್ತಿದ್ದರು. ದೋಣಿಗೆ ಹೊತ್ತಾಯಿತೆಂದು ತಂಡದ ಮುಂದಾಳು ಅವರನ್ನು ಅವಸರಿಸಿ ಕರೆದೊಯ್ದರು. ಆ ಕುದುರೆಗಳು 1204ರಲ್ಲಿ ಇಂದಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್ ಲೂಟಿಯಾದಾಗ ವೆನಿಸ್‌ನವರ ವಶವಾದವು. 1797ರಲ್ಲಿ ನೆಪೋಲಿಯನ್ ಅವನ್ನು ಪ್ಯಾರಿಸ್‌ಗೆ ಸಾಗಿಸಿದ. 1815ರಲ್ಲಿ ಮರಳಿ ಬಂದವು. ಈಗ ಹೊರಗೆ ಕಾಣುವುದು ಪ್ರತಿಕೃತಿಗಳು, ಮೂಲ ವಿಗ್ರಹಗಳು ಒಳಗಿನ ಸಂಗ್ರಹಾಲಯದಲ್ಲಿವೆ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕಿತ್ತು. ಅಷ್ಟು ದೂರದಿಂದ, ಅಷ್ಟು ಹಣ ತೆತ್ತು ಬಂದವರಿಗೆ ಆ ಎರಡು ನಿಮಿಷವೂ ಸಿಗಲಿಲ್ಲವಲ್ಲ ಎಂದು ನಮಗೆ ನಿಜಕ್ಕೂ ಸಂಕಟವಾಯಿತು.

ಅದೇ ದಿನ ಬೆಳಗಿನ ಜಾವ ಅದೇ ಚೌಕ ಬಹುತೇಕ ಖಾಲಿಯಾಗಿತ್ತು. ಅಲ್ಲಿಂದ ಒಳಗಿನ ಓಣಿಗಳಿಗೆ ಹೊರಳಿದರೆ ಕಸ ಸಂಗ್ರಹಿಸುವವರ, ಅಂಗಡಿಗಳಿಗೆ ಸಾಮಾನು ಸಾಗಿಸುವವರ ಕೈಗಾಡಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಾರು, ಸ್ಕೂಟರ್ ಯಾವುದೂ ಇಲ್ಲದ ಊರು ಅದು. ‘ಕಾಂಪೊ’ ಎಂದು ಕರೆಯುವ ಸಣ್ಣ ಬಯಲೊಂದರ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆಯಿತ್ತು. ಸುತ್ತಲೂ ಉಪ್ಪುನೀರಿರುವ ಊರಿನಲ್ಲಿ ಮಳೆನೀರನ್ನು ನೆಲದಡಿಯ ಮರಳಿನಲ್ಲಿ ಸೋಸಿ ಶೇಖರಿಸುತ್ತಿದ್ದ ವ್ಯವಸ್ಥೆ ಇದು. 1884ರಲ್ಲಿ ಕೊಳವೆಯ ಮೂಲಕ ನೀರು ಬರುವವರೆಗೆ ಊರು ಬಹುಮಟ್ಟಿಗೆ ಇಂಥ ಬಾವಿಗಳನ್ನೇ ನೆಚ್ಚಿಕೊಂಡಿತ್ತು. ಕಟ್ಟೆಯ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಹಿಡಿಸುವಷ್ಟು ಆಳಕ್ಕೆ ಸವೆದ ಗೀರುಗಳಿದ್ದವು. ನನ್ನ ಪತ್ನಿ ಅವುಗಳಲ್ಲಿ ಬೆರಳಿಟ್ಟು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಯಾವ ಅರಮನೆಯನ್ನು ಮರೆತರೂ ಆ ಗೀರುಗಳನ್ನು ನಾವು ಮರೆಯಲಾರೆವು.

ಊರಿನ ಕಡೆಯಿಂದ ನೋಡಿದರೆ ವಿಷಯ ಇನ್ನೂ ಗಂಭೀರವಾಗಿದೆ. ರಿಯಾಲ್ಟೊ ಸೇತುವೆಯ ಹತ್ತಿರ ಔಷಧಿ ಅಂಗಡಿಯೊಂದರ ಕಿಟಕಿಯಲ್ಲಿ ದ್ವೀಪನಗರದ ನಿವಾಸಿಗಳ ಸಂಖ್ಯೆಯನ್ನು ತೋರಿಸುವ ಫಲಕವಿದೆ. 1950ರ ದಶಕದ ಆರಂಭದಲ್ಲಿ ಸುಮಾರು 1,75,000 ಇದ್ದ ಆ ಸಂಖ್ಯೆ ಈಗ 50,000ಕ್ಕಿಂತ ಕೆಳಗಿಳಿದಿದೆ. ಹಗಲಿಗೆ ಬಂದು ಸಂಜೆಗೆ ಹೊರಡುವ ಜನಜಂಗುಳಿಯನ್ನು ತಡೆಯಲೆಂದೇ ನಗರಾಡಳಿತವು 2024ರಲ್ಲಿ ನಿಗದಿತ ದಿನಗಳಿಗೆ 5 ಯೂರೊ ಪ್ರವೇಶ ಶುಲ್ಕವನ್ನು ಜಾರಿಗೆ ತಂದಿತು. 2025ರಲ್ಲಿ ಕೊನೆಯ ಗಳಿಗೆಯಲ್ಲಿ ಕಾಯ್ದಿರಿಸುವವರಿಗೆ ಅದನ್ನು 10 ಯೂರೊಗೆ ಏರಿಸಿತು. ಮಾರ್ಗದರ್ಶಿಯೊಬ್ಬರ ಹಿಂದೆ 25ಕ್ಕಿಂತ ಹೆಚ್ಚು ಜನ ಹೋಗುವಂತಿಲ್ಲ, ಧ್ವನಿವರ್ಧಕ ಬಳಸುವಂತಿಲ್ಲ ಎಂಬ ನಿಯಮಗಳೂ 2024ರಲ್ಲೇ ಬಂದವು. ರಾತ್ರಿ ತಂಗುವವರಿಗೆ ಪ್ರವೇಶ ಶುಲ್ಕದಿಂದ ವಿನಾಯಿತಿ ಇದೆ, ಆದರೆ ಅದನ್ನು ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು.

ದ್ವೀಪದೊಳಗಿನ ವಸತಿ ದುಬಾರಿ ಎಂಬುದು ನಿಜ. ರೈಲಿನಲ್ಲಿ ಹತ್ತೇ ನಿಮಿಷದ ದಾರಿಯಾದ ಮೆಸ್ತ್ರೆಯಲ್ಲಿ ಕಡಿಮೆ ಬೆಲೆಗೆ ಕೋಣೆ ಸಿಗುತ್ತದೆ. ಅಲ್ಲಿ ತಂಗಿದರೂ ಮುಂಜಾನೆಯ ವೆನಿಸನ್ನು ನೋಡಬಹುದು. ಪ್ರವಾಸದ ಪಟ್ಟಿಯಿಂದ ಬೇರೊಂದು ಊರನ್ನು ಬಿಟ್ಟರೂ ಚಿಂತೆಯಿಲ್ಲ, ಪ್ರವಾಸ ಸಂಸ್ಥೆಗಳು ಇಲ್ಲಿಗೆ ಒಂದು ರಾತ್ರಿಯನ್ನು ಮೀಸಲಿಡಬೇಕೆಂದು ಕೋರುತ್ತೇನೆ. ತಮ್ಮ ಪತ್ರಿಕೆಯೂ ಪ್ರವಾಸ ಲೇಖನಗಳ ಜೊತೆಯಲ್ಲೇ ಆ ವರ್ಷದ ಶುಲ್ಕದ ದಿನಗಳನ್ನೂ ನೋಂದಣಿಯ ಕ್ರಮವನ್ನೂ ಪ್ರಕಟಿಸಿದರೆ ಹೊರಡಲು ಸಿದ್ಧರಾಗುತ್ತಿರುವ ಓದುಗರಿಗೆ ಬಹಳ ಅನುಕೂಲವಾಗುತ್ತದೆ.

ಇತಿ,
ಮಿಲಾನ್‌ನಲ್ಲಿ ನೆಲೆಸಿರುವ ಓದುಗ