ಬೆಳಿಗ್ಗೆ 11ಕ್ಕೆ ಒಂದು ವೀಣೆ ಪಾಠ ಇಡಿ

ಮಾನ್ಯ ಸಂಪಾದಕರೇ,

ಬ್ಯಾಂಕಿನಲ್ಲಿ 34 ವರ್ಷ ಲೆಕ್ಕ ನೋಡಿ ನಿವೃತ್ತಳಾದವಳು ನಾನು. ಎರಡು ವರ್ಷದಿಂದ ವೀಣೆ ಕಲಿಯುತ್ತಿದ್ದೇನೆ. ಇನ್ನೂ ಆರಂಭದ ಪಾಠವಾದ ಜಂಟಿ ವರಸೆಯಲ್ಲೇ ಇದ್ದೇನೆ. ಅವಸರವೇನೂ ಇಲ್ಲ.

ವೀಣೆ ಹಿಡಿದರೆ ಲೆಕ್ಕ ಬಿಡಬೇಕಾಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಎಲ್ಲರೂ ಮೊದಲು ಕಲಿಯುವ ರಾಗ ಮಾಯಾಮಾಳವಗೌಳ. ಕರ್ನಾಟಕ ಸಂಗೀತದ 72 ಮೇಳಕರ್ತ (ಮೂಲ) ರಾಗಗಳಲ್ಲಿ ಅದು 15ನೆಯದು. ಆ ಸಂಖ್ಯೆ ಹೆಸರಿನ ಮೊದಲ ಎರಡು ಅಕ್ಷರಗಳಲ್ಲೇ ಇದೆ. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಲೆಕ್ಕದಲ್ಲಿ ‘ಮ’ ಅಂದರೆ 5, ‘ಯ’ ಅಂದರೆ 1. ತಿರುಗಿಸಿ ಓದಿದರೆ 15. ಅದಕ್ಕೆ 36 ಕೂಡಿಸಿದರೆ 51, ಅಂದರೆ ಕಾಮವರ್ಧಿನಿ. ‘ಕ’ 1, ‘ಮ’ 5, ಇದನ್ನೂ ತಿರುಗಿಸಿ ನೋಡಿ! ಎರಡು ರಾಗಗಳಿಗೂ ಇರುವ ವ್ಯತ್ಯಾಸ ಮಧ್ಯಮ, ಅಂದರೆ ಮ ಸ್ವರವೊಂದೇ: ಮೊದಲ 36 ರಾಗಗಳಲ್ಲಿ ಅದು ತಗ್ಗಿನದು, ಮುಂದಿನ 36ರಲ್ಲಿ ಎತ್ತರದ್ದು.

ಇದನ್ನು ಬರೆದುಕೊಂಡ ದಿನ ಮಧ್ಯಾಹ್ನ ವೀಣೆ ಮುಂದೆ ಕೂತೆ. ಮುಖ್ಯ ತಂತಿಯಾದ ಸಾರಣಿಯ ಮೇಲೆ ಮಧ್ಯಮ ಬಂದಾಗ 5ನೇ ಮೆಟ್ಟಿನ ಬದಲು 6ನೇ ಮೆಟ್ಟಿನಲ್ಲಿ ಬೆರಳು ಒತ್ತಿದೆ. ಅದೇ ಮೊದಲ ಪಾಠದ ಸರಳೆ ವರಸೆ, ಆದರೆ ಬಣ್ಣವೇ ಬೇರೆ. ಅಡುಗೆಮನೆಯಿಂದ ನಮ್ಮ ಯಜಮಾನರು, "ಏನೇ ಅದು, ಹೊಸ ಪಾಠನಾ?" ಅಂದರು.

ಇಂಥ ಮಧ್ಯಾಹ್ನಗಳಿಗೆ ಬಿಡುವು ಬೇಕು. ನಾನು ಮೊದಲು ಸೇರಿದ ಕಡೆ ಅದಿರಲಿಲ್ಲ. ಸಂಜೆ 5ಕ್ಕೆ ಶಾಲೆ ಮಕ್ಕಳ ಜೊತೆ ಪಾಠ. ಸಂಗೀತದ ಜೂನಿಯರ್ ಪರೀಕ್ಷೆಗೆ ಕಟ್ಟಲೇಬೇಕು ಅಂದರು. ಮೇಳಕರ್ತ ರಾಗಗಳು 72 ಮಾತ್ರ ಯಾಕೆ ಅಂತ ಕೇಳಿದ್ದಕ್ಕೆ, "ಸುಮ್ನೆ ಬಾಯಿಪಾಠ ಮಾಡ್ಕೊಳ್ಳಿ" ಎಂಬ ಉತ್ತರ ಬಂತು. ತುಂಬ ಬೇಜಾರಾಯಿತು, ಬಿಟ್ಟುಬಿಟ್ಟೆ.

ಈಗ ಬಸವನಗುಡಿಯಲ್ಲಿ ಒಬ್ಬರು ಟೀಚರ್ ಮನೆಯಲ್ಲೇ ಹೇಳಿಕೊಡುತ್ತಾರೆ. ಅದೇ ಪ್ರಶ್ನೆ ಕೇಳಿದೆ. ಹಳೇ ಕ್ಯಾಲೆಂಡರ್ ಹಾಳೆ ಹರಿದು ಹಿಂದೆ ಬರೆದು ತೋರಿಸಿದರು: ರಿ-ಗ ಸ್ವರಗಳ ಜೋಡಿ 6 ಬಗೆ, ದ-ನಿ ಜೋಡಿ 6 ಬಗೆ, ಗುಣಿಸಿದರೆ 36, ಎರಡು ಮಧ್ಯಮಕ್ಕೆ 72. ಆ ಹಾಳೆ ಈಗಲೂ ನನ್ನ ಪಾಠದ ಪುಸ್ತಕದಲ್ಲಿದೆ.

ಮಕ್ಕಳಿಗೆ ಪರೀಕ್ಷೆ ಇರಲಿ, ಅವರಿಗೆ ಅದು ಬೇಕು. ಆದರೆ ಬೆಳಿಗ್ಗೆ 11ಕ್ಕೆ ಸಂಗೀತ ಶಾಲೆಗಳ ಕೋಣೆಗಳು ಖಾಲಿ ಇರುತ್ತವಲ್ವಾ? ವಾರಕ್ಕೆ ಎರಡು ದಿನ ಆ ಹೊತ್ತಿನಲ್ಲಿ ನಮ್ಮಂಥವರಿಗೆ ಪಾಠ ಇಡಿ ಎಂದು ಬೆಂಗಳೂರಿನ ಸಂಗೀತ ಶಾಲೆಗಳನ್ನು ಕೇಳಿಕೊಳ್ಳುತ್ತೇನೆ. ಪರೀಕ್ಷೆ ಬೇಡ. ನಿಧಾನವಾದರೂ ಪರವಾಗಿಲ್ಲ, ಪ್ರಶ್ನೆ ಕೇಳಲು ಬಿಟ್ಟರೆ ಸಾಕು. ನಮ್ಮ ರಸ್ತೆಯಲ್ಲೇ ಮೂವರು ಸೇರಲು ತಯಾರಿದ್ದಾರೆ. ಅವರಲ್ಲಿ ಒಬ್ಬರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಹನುಮಂತನಗರ, ಬೆಂಗಳೂರು